ಬ್ಯಾಟರಿ ಸೈಕಲ್ಲಿಗೆ ‘ತಕ್ಕ ಬ್ರೇಕು’



ಕಳೆದ ಮಳೆಗಾಲದಲ್ಲಿ ನನ್ನ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿದ್ದ ಸುದ್ದಿ ನಿಮ್ಮಲ್ಲಿ ಹಲವರಿಗೆ ತಲುಪಿತ್ತು. ದೂರವಾಣಿಯಲ್ಲಿ ವಿಚಾರಿಸಿದವರಿಗೆಲ್ಲ ‘ಸೈಕಲ್ಲಿನಿಂದ ಬಿದ್ದೆ’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಅದು ಅರ್ಧ ಸತ್ಯ. ಉಳಿದರ್ಧವನ್ನು ಹೇಳಲು ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಪಾಠ ಮಾಡಿದವನಿಗೆ ನಾಚಿಕೆಯಾಗುತ್ತಿತ್ತು. ಈಗ ಕೈ ಕೂಡಿಕೊಂಡಿದೆ, ನಾಚಿಕೆಯೂ ತುಸು ಇಳಿದಿದೆ. ಇತ್ತೀಚೆಗೆ ನಿಮ್ಮಲ್ಲೇ ಮೂರು ನಾಲ್ಕು ಜನ ‘ಸರ್, ನಾವೂ ಅಂಥದೊಂದು ಬ್ಯಾಟರಿ ಸೈಕಲ್ಲು ತಗೋಬೇಕಂತ ಮಾಡೀವಿ, ಹೆಂಗದ ಹೇಳ್ರಿ’ ಎಂದು ಕೇಳಿದ್ದರಿಂದ ಇದನ್ನು ಬರೆಯಲೇಬೇಕಾಗಿದೆ.

ಪುಣೆಯಲ್ಲಿರುವ ನನ್ನ ತಂಗಿಯ ಮಗ ಎರಡು ವರ್ಷಗಳ ಹಿಂದೆ ದೀಪಾವಳಿಗೆ ಬಂದಾಗ ತನ್ನ ಕಾರಿನ ಡಿಕ್ಕಿಯಿಂದ ಗಂಟಿನಂತಿದ್ದ ಒಂದು ವಸ್ತುವನ್ನು ಇಳಿಸಿ, ಎರಡು ಕೊಂಡಿಗಳನ್ನು ಬಿಡಿಸಿ, ಅಂಗಳದಲ್ಲಿ ನಿಲ್ಲಿಸಿದ. ನೋಡನೋಡುತ್ತಿದ್ದಂತೆ ಅದು ಸೈಕಲ್ಲಾಯಿತು. ಇಪ್ಪತ್ತು ಇಂಚಿನ ಪುಟ್ಟ ಗಾಲಿಗಳು, ನಡುವೆ ಮಡಚುವ ಚೌಕಟ್ಟು, ಮಡಚುವ ಹ್ಯಾಂಡಲ್ ಕಂಬ, ಹಿಂದಿನ ಗಾಲಿಯ ನಟ್ಟನಡುವೆ ಅಡಗಿಸಿದ 250 ವ್ಯಾಟಿನ ಮೋಟಾರು. ತಾನು ಮನೆ ಬದಲಿಸಿದ್ದಾಗಿಯೂ ಹೊಸ ಮನೆಯಿಂದ ಕಚೇರಿ ಕಾಲ್ನಡಿಗೆಯ ದೂರವೆಂದೂ ಹೇಳಿ, ‘ಮಾಮಾ, ಇದು ನಿಮಗ ಇರ್ಲಿ’ ಎಂದ. ಮಂಡಿನೋವಿನಿಂದಾಗಿ ಹಳೆಯ ಅಟ್ಲಾಸ್ ಸೈಕಲ್ಲನ್ನು ಗೋಡೆಗೆ ಒರಗಿಸಿಟ್ಟಿದ್ದ ನನಗೆ ಹೊಸದಾಗಿ ಕಾಲು ಬಂದಂತಾಯಿತು. (ಆ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತೆಂದು ಓದಿದಾಗ ನನಗೆ ಹಳೆಯ ಸಹೋದ್ಯೋಗಿಯೊಬ್ಬರು ತೀರಿಕೊಂಡಷ್ಟು ಬೇಸರವಾಗಿತ್ತು.)

ಊರು ಬಿಟ್ಟು ಬಹಳ ವರ್ಷಗಳಾದವರಿಗಾಗಿ ಒಂದೆರಡು ಮಾತು ಹೇಳಬೇಕು. ನೀವು ಓಡಾಡಿದ ಹಳೆಯ ಕೊಲ್ಹಾರದ ಓಣಿಗಳಲ್ಲಿ ಸೈಕಲ್ಲಿಗೆ ವೇಗವೇ ಹತ್ತುತ್ತಿರಲಿಲ್ಲ. ಹತ್ತು ಹೆಜ್ಜೆಗೊಂದು ತಿರುವು, ತಿರುವಿಗೊಂದು ಎಮ್ಮೆ. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಊರು ಮುಳುಗಿ, ಎತ್ತರದ ನೆಲದಲ್ಲಿ ಹೊಸ ಊರು ಎದ್ದ ಮೇಲೆ ರಸ್ತೆಗಳು ನೇರವಾದವು, ಅಗಲವಾದವು. ಬಸವನ ಬಾಗೇವಾಡಿಯಿಂದ ಬೇರ್ಪಟ್ಟು ಕೊಲ್ಹಾರವೇ ತಾಲ್ಲೂಕು ಕೇಂದ್ರವಾದ ಮೇಲೆ ವಾಹನಗಳೂ ಹೆಚ್ಚಿದವು. ಪಕ್ಕದಲ್ಲೇ 52ನೇ ರಾಷ್ಟ್ರೀಯ ಹೆದ್ದಾರಿ. ಅದರಾಚೆ ಕೊರ್ತಿಯ ಕಡೆಗೆ ಸಾಗುವ ಉದ್ದನೆಯ ಸೇತುವೆ. ಕಬ್ಬಿನ ಕಾಲ ಬಂತೆಂದರೆ ಎರಡೆರಡು ಟ್ರೇಲರುಗಳನ್ನು ಬಾಲದಂತೆ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೂ ಸಾಗುತ್ತವೆ. ಇಂಥ ಊರಿನಲ್ಲಿ ಬ್ಯಾಟರಿ ಸೈಕಲ್ಲು ಹತ್ತಿದವನಿಗೆ ಗಂಟೆಗೆ ಇಪ್ಪತ್ತೈದು ಕಿಲೋಮೀಟರು ಎಂಬುದು ಬೆರಳ ತುದಿಯ ಮಾತು.

ಶ್ರಾವಣದ ಒಂದು ಬೆಳಗ್ಗೆ. ಹನಿ ಮಳೆ ಬಿದ್ದು ನಿಂತಿತ್ತು. ನಾನು ಕಿರಾಣಿ ಸಾಮಾನಿನ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ಎದುರಿನ ಓಣಿಯಿಂದ ಮೊಸರು ಮಾರುವ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಗಡಿಗೆಗಳ ಬುಟ್ಟಿ ಹೊತ್ತು, ಬಸ್ಸು ನಿಲ್ಲುವ ಜಾಗಕ್ಕೆ ಹೋಗಲು ರಸ್ತೆ ದಾಟುತ್ತಿದ್ದಳು. ಹಿಂದೆ ಆಕೆಯ ಐದಾರು ವರ್ಷದ ಮೊಮ್ಮಗ. ಅವರನ್ನು ಕಂಡ ಕೂಡಲೇ ಎರಡೂ ಬ್ರೇಕು ಹಿಡಿದೆ. ಹಿಡಿಕೆಗಳು ಬಂದು ಹ್ಯಾಂಡಲ್ಲಿಗೆ ತಾಗಿದವು; ಸೈಕಲ್ಲು ಮಾತ್ರ ತನ್ನ ಪಾಡಿಗೆ ತಾನು ಸಾಗುತ್ತಲೇ ಇತ್ತು. ಇನ್ನಷ್ಟು ಹಿಚುಕಲು ಅಲ್ಲಿ ಜಾಗವೇ ಉಳಿದಿರಲಿಲ್ಲ. ಹುಡುಗ ನನ್ನನ್ನು ನೋಡಿ ಓಡುವ ಬದಲು ಅಲ್ಲಿಯೇ ನಿಂತುಬಿಟ್ಟ. ನಾನು ಎಡಕ್ಕೆ ಹೊರಳಿಸಿ ರಸ್ತೆ ಬದಿಯ ಜಲ್ಲಿ ಗುಡ್ಡೆಗೆ ನುಗ್ಗಿ ಬಿದ್ದೆ. ಅವನಿಗೂ ನನ್ನ ಹ್ಯಾಂಡಲ್ಲಿನ ತುದಿಗೂ ನಡುವೆ ಒಂದು ಗೇಣು ಅಂತರವಿದ್ದಿರಬೇಕು. ಅಜ್ಜಿ ಬೆದರಿ ಬುಟ್ಟಿಯನ್ನು ಕೈಬಿಟ್ಟಳು. ನಾಲ್ಕು ಗಡಿಗೆ ಒಡೆದವು.

ಕೊಲ್ಹಾರದ ಮೊಸರಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಗಡಿಗೆ ಬೋರಲು ಹಾಕಿದರೂ ಚೆಲ್ಲದಷ್ಟು ಗಟ್ಟಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಒಡೆದ ಗಡಿಗೆಯ ಚೂರುಗಳ ನಡುವೆಯೂ ಅದು ಆಕಾರ ಬಿಡದೆ ಬಿಳಿಯ ಗುಂಡುಗಳಂತೆ ಕೂತಿತ್ತು. ನನಗೆ ಈಗಲೂ ಕಣ್ಣ ಮುಂದೆ ಬರುವುದು ಆ ನೋಟ, ಅದರ ಪಕ್ಕದಲ್ಲಿ ಅಳಲೂ ಮರೆತು ನಿಂತಿದ್ದ ಹುಡುಗ. ಜನ ಸೇರಿದರು, ನನ್ನನ್ನು ಎಬ್ಬಿಸಿದರು. ಅಜ್ಜಿ ಮೊದಲು ಮೊಮ್ಮಗನ ಮೈಯೆಲ್ಲ ಸವರಿ ನೋಡಿ, ಆಮೇಲೆ ನನ್ನತ್ತ ತಿರುಗಿ, ‘ಮಾಸ್ತರ, ನಮ್ಮ ಹುಡುಗರಿಗೆಲ್ಲಾ ಸೈನ್ಸ್ ಕಲಿಸಿದವ್ರು ನೀವ. ನಿಂದ್ರಾಕ ಬರದ ಗಾಡಿ ಹತ್ತೂದಂದ್ರ ಹ್ಯಾಂಗ್ರಿ?’ ಎಂದಳು. ಬೈಗುಳದ ಧ್ವನಿಯಲ್ಲಿ ಹೇಳಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ಮರುದಿನ ಹಣ ಕೊಡಲು ಮಗನನ್ನು ಕಳಿಸಿದಾಗ ಮೊಸರಿನ ಹಣ ತೆಗೆದುಕೊಂಡು ಗಡಿಗೆಯ ಹಣವನ್ನು ಹಿಂದಕ್ಕೆ ಕೊಟ್ಟಳಂತೆ.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕುಳಿತ ಆರು ವಾರಗಳಲ್ಲಿ ಆಕೆಯ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ಕೆಲಸವಾಯಿತು. ಮೊದಲು ಸೈಕಲ್ಲನ್ನೇ ತಿರುವಿ ನೋಡಿದೆ. ಎರಡೂ ಗಾಲಿಗಳಿಗೆ ಡಿಸ್ಕ್ ಬ್ರೇಕು ಇದ್ದವು. ಅದನ್ನು ಕಂಡೇ ನಾನು ಮೋಸ ಹೋಗಿದ್ದೆ. ಡಿಸ್ಕ್ ಎಂದರೆ ಮೋಟಾರ್ ಸೈಕಲ್ಲಿನದರಂತೆ ಬಲವಾದದ್ದು ಎಂಬ ಭಾವನೆ ನಮ್ಮೆಲ್ಲರದು. ಆದರೆ ಈ ತಟ್ಟೆಯನ್ನು ಅಮುಕುತ್ತಿದ್ದುದು ಹಳೆಯ ಕಾಲದ ತಂತಿಯೇ. 1896ರಲ್ಲಿ ಬೌಡನ್ ಎಂಬವರು ಪೇಟೆಂಟ್ ಪಡೆದ, ಕೊಳವೆಯೊಳಗೆ ಜಾರುವ ಅದೇ ತಂತಿ. ಜಾಣತನದ ವಸ್ತು, ಸಂಶಯವಿಲ್ಲ. ಆದರೆ ಕೊಳವೆ ಹೆಚ್ಚು ಬಾಗಿದಷ್ಟೂ ಒಳಗಿನ ತಂತಿ ಉಜ್ಜಿಕೊಂಡು ನಮ್ಮ ಬೆರಳಿನ ಬಲವನ್ನು ದಾರಿಯಲ್ಲೇ ತಿಂದುಹಾಕುತ್ತದೆ. ಮಡಚುವ ಸೈಕಲ್ಲಿನಲ್ಲಿ ಹ್ಯಾಂಡಲ್ ಕಂಬವನ್ನು ಮಡಚಿದಾಗಲೆಲ್ಲ ತಂತಿಯ ಕೊಳವೆ ಒಂದೇ ಜಾಗದಲ್ಲಿ ಮುರಿಯುವಂತೆ ಬಾಗುತ್ತದೆ. ನನ್ನ ಸೈಕಲ್ಲಿನಲ್ಲಿ ಆ ಜಾಗ ಬಿರುಕು ಬಿಟ್ಟು, ನೀರಿಳಿದು, ತಂತಿಗೆ ತುಕ್ಕು ಹಿಡಿದಿತ್ತು. ಮೇಲಾಗಿ ಇಂಥ ಅಗ್ಗದ ಬ್ರೇಕುಗಳಲ್ಲಿ ಒಂದು ಕಡೆಯ ಪ್ಯಾಡ್ ಮಾತ್ರ ಚಲಿಸುತ್ತದೆ. ಅದು ತಟ್ಟೆಯನ್ನು ಬಗ್ಗಿಸಿ ಆಚೆಯ ಪ್ಯಾಡಿಗೆ ಒತ್ತುತ್ತದೆ. ಪ್ಯಾಡುಗಳು ಸವೆದಂತೆ ಹಿಡಿಕೆ ದಿನಕ್ಕಿಷ್ಟಿಷ್ಟೇ ಕೆಳಗಿಳಿಯುತ್ತದೆ. ದಿನವೂ ನೋಡುವ ಮಗು ಬೆಳೆದದ್ದು ಮನೆಯವರಿಗೆ ತಿಳಿಯದಂತೆ ಇದೂ ತಿಳಿಯುವುದಿಲ್ಲ. ಬೀಳುವುದಕ್ಕೆ ತಿಂಗಳ ಮೊದಲು, ಸೈಕಲ್ಲು ಕೊಂಡ ಅಂಗಡಿಗೆ ಅಳಿಯ ಫೋನು ಮಾಡಿ ಕೇಳಿದ್ದ. ‘ಕಂಪನಿ ಬ್ರೇಕು, ಏನೂ ಆಗುವುದಿಲ್ಲ’ ಎಂದಿದ್ದರಂತೆ.

ಇನ್ನು ಲೆಕ್ಕ. ಒಂಬತ್ತನೆಯ ತರಗತಿಯಲ್ಲಿ ನಿಮ್ಮಿಂದ ಬಾಯಿಪಾಠ ಮಾಡಿಸಿದ್ದ ಸೂತ್ರ ನೆನಪಿದೆಯೇ? ಚಲನಶಕ್ತಿ ಎಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. ನಾನು, ಸೈಕಲ್ಲು, ಚೀಲ ಎಲ್ಲ ಸೇರಿ ಸುಮಾರು 100 ಕಿಲೋ ಎನ್ನಿ. ನನ್ನ ಅಟ್ಲಾಸನ್ನು ಗಂಟೆಗೆ 12 ಕಿ.ಮೀ. ವೇಗದಲ್ಲಿ ತುಳಿಯುವಾಗ ಬ್ರೇಕು ನುಂಗಬೇಕಾದ ಶಕ್ತಿ 555 ಜೂಲ್. ಗಂಟೆಗೆ 25 ಕಿ.ಮೀ. ಆದರೆ 2,400 ಜೂಲ್. ವೇಗ ಎರಡರಷ್ಟು, ಶಕ್ತಿ ನಾಲ್ಕರಷ್ಟಕ್ಕೂ ಮಿಗಿಲು. ಹತ್ತು ಮೀಟರ್ ಎತ್ತರದ ಇಳಿಜಾರಿನಲ್ಲಿ ಅದೇ ವೇಗವನ್ನು ಕಾಯ್ದುಕೊಂಡು ಇಳಿದರೆ ಇನ್ನೂ 9,800 ಜೂಲ್ ಸೇರುತ್ತದೆ. ಇದೆಲ್ಲ ಶಾಖವಾಗಿ ಅಂಗೈಯಗಲದ, ನೂರು ಗ್ರಾಮಿನ ಆಸುಪಾಸು ತೂಗುವ ಎರಡು ಉಕ್ಕಿನ ತಟ್ಟೆಗಳಿಗೆ ಹೋಗಬೇಕು. ನಮ್ಮ ಬಯಲುಸೀಮೆಯಲ್ಲಿ ತಟ್ಟೆ ಕಾಯುವ ಚಿಂತೆ ಕಡಿಮೆ. ಸಕಲೇಶಪುರದ ಕಡೆ, ಆಗುಂಬೆಯ ಕಡೆ ಇರುವ ನೀವು ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿಕೊಳ್ಳುವುದು ಒಳ್ಳೆಯದು.

ಹಳೆಯ ಸೈಕಲ್ಲುಗಳ ಬ್ರೇಕು ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಸಲಾಕೆಯ ಬ್ರೇಕು, ಕುದುರೆ ಲಾಳದಾಕಾರದ ಕಬ್ಬಿಣಕ್ಕೆ ರಬ್ಬರ್ ಗುಂಡಿ. ಮಳೆ ಬಂದರೆ ನಿಕಲ್ ಹೊಳಪಿನ ರಿಮ್ಮಿನ ಮೇಲೆ ಅದು ಬೆಣ್ಣೆಯಂತೆ ಜಾರುತ್ತಿತ್ತು. ಅದಕ್ಕೇ ನೀವೆಲ್ಲ ಚಪ್ಪಲಿ ನೆಲಕ್ಕೆ ಉಜ್ಜಿ ಸೈಕಲ್ಲು ನಿಲ್ಲಿಸುತ್ತಿದ್ದಿರಿ, ಮನೆಯಲ್ಲಿ ಚಪ್ಪಲಿ ಸವೆದದ್ದಕ್ಕೆ ಏಟು ತಿನ್ನುತ್ತಿದ್ದಿರಿ. ಆ ಬ್ರೇಕು ಅಷ್ಟೇನೂ ಜೀವ ತೆಗೆಯಲಿಲ್ಲವೆಂದರೆ ಅದಕ್ಕೆ ಕಾರಣ ನಮ್ಮ ಕಾಲುಗಳಿಗೇ ಅಷ್ಟು ಕಸುವಿರಲಿಲ್ಲ. ಸವಾರನ ದಣಿವೇ ಅರ್ಧ ಬ್ರೇಕಾಗಿತ್ತು. ಮೋಟಾರಿಗೆ ದಣಿವಿಲ್ಲ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲಾರಂಭಿಸಿದಾಗ ಹುಡುಗಿಯರು ಸಾಲಾಗಿ ಶಾಲೆಗೆ ಬರುವುದನ್ನು ನೋಡಿ ಹಿಗ್ಗಿದವರಲ್ಲಿ ನಾನೂ ಒಬ್ಬ. ಆದರೆ ಬ್ರೇಕಿನ ಗುಂಡಿ ಸವೆದಿದೆಯೇ ಎಂದು ನೋಡುವುದನ್ನು, ನಟ್ಟು ಬಿಗಿಮಾಡುವುದನ್ನು ಒಂದು ಪಿರಿಯಡ್ಡಿನಲ್ಲಾದರೂ ಕಲಿಸಬೇಕೆಂದು ನನಗೆ ಹೊಳೆಯಲಿಲ್ಲ. ಘರ್ಷಣೆಯ ಪಾಠವನ್ನು ಇಳಿಜಾರು ಹಲಗೆ, ಮರದ ತುಂಡು ಇಟ್ಟುಕೊಂಡು ಮಾಡಿದೆ. ಘರ್ಷಣೆಯ ಮೇಲೆ ಜೀವ ನಿಂತಿದ್ದ ನಲವತ್ತು ಸೈಕಲ್ಲುಗಳು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದವು.

ಈ ಬ್ಯಾಟರಿ ಸೈಕಲ್ಲಿಗೆ ಲೈಸೆನ್ಸು ಬೇಡ, ನಂಬರ್ ಪ್ಲೇಟು ಬೇಡ ಎಂಬುದು ಅಂಗಡಿಯವರು ಮೊದಲು ಹೇಳುವ ಮಾತು. ಅದು ಎಲ್ಲಿಂದ ಬಂತೆಂದು ಹುಡುಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಎರಡನೆಯ ನಿಯಮದಲ್ಲಿ, ಬ್ಯಾಟರಿ ವಾಹನದ ವ್ಯಾಖ್ಯೆಯ ಕೆಳಗೆ, ಈ ವಿನಾಯಿತಿ ಇದೆ. ಮೋಟಾರಿನ ಮೂವತ್ತು ನಿಮಿಷಗಳ ಸಾಮರ್ಥ್ಯ 0.25 ಕಿಲೋವ್ಯಾಟಿಗಿಂತ ಕಡಿಮೆಯಿರಬೇಕು. ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿರಬೇಕು, ಪೆಡಲ್ ತುಳಿಯುವ ಸೈಕಲ್ಲಾದರೆ ಆ ವೇಗ ಮುಟ್ಟುತ್ತಿದ್ದಂತೆ ಮೋಟಾರಿನ ಸಹಾಯ ಕ್ರಮೇಣ ಇಳಿದು ನಿಲ್ಲಬೇಕು, ಮುಂದೆ ಒಂದು ಬಿಳಿಯ, ಹಿಂದೆ ಒಂದು ಕೆಂಪು ಪ್ರತಿಫಲಕ ಇರಬೇಕು. ಬ್ರೇಕು? ಅದು ‘ತಕ್ಕದ್ದಾಗಿರಬೇಕು’. ಅಷ್ಟೇ. ಕಸುವಿಗೆ ಅಂಕಿ ಇದೆ, ವೇಗಕ್ಕೆ ಅಂಕಿ ಇದೆ, ಪ್ರತಿಫಲಕಕ್ಕೆ ಬಣ್ಣವೂ ಎಣಿಕೆಯೂ ಇದೆ. ನಿಲ್ಲಿಸುವ ಸಾಧನಕ್ಕೆ ಮಾತ್ರ ಒಂದು ವಿಶೇಷಣ. ಪರೀಕ್ಷೆಯಲ್ಲಿ ‘ತಕ್ಕ ಉತ್ತರ ಬರೆಯಿರಿ’ ಎಂದು ಪ್ರಶ್ನೆ ಕೊಟ್ಟು, ಅಂಕ ಎಷ್ಟೆಂದು ಹೇಳದಿದ್ದರೆ ನೀವು ಒಪ್ಪುತ್ತಿದ್ದಿರಾ?

ಅಳತೆ ಹಾಕಲು ಬಾರದ ಸಂಗತಿಯೇನೂ ಅಲ್ಲ ಇದು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಸೈಕಲ್ ನಿಯಮದಲ್ಲಿ ಕೈಬ್ರೇಕಿನ ಸೈಕಲ್ಲು ಗಂಟೆಗೆ 24 ಕಿ.ಮೀ. ವೇಗದಿಂದ 4.57 ಮೀಟರಿನೊಳಗೆ, ಅಂದರೆ 15 ಅಡಿಯೊಳಗೆ, ನಿಲ್ಲಬೇಕೆಂದಿದೆ. ಸವಾರ ಕನಿಷ್ಠ 68 ಕಿಲೋ ತೂಗಬೇಕೆಂಬುದನ್ನೂ ಹೇಳಿದೆ. (ನಿಧಾನ ಗತಿಯ ಸೈಕಲ್ಲುಗಳಿಗೆ ಇದೇ ದೂರವನ್ನು ಗಂಟೆಗೆ 16 ಕಿ.ಮೀ. ವೇಗದಿಂದ ಅಳೆಯುತ್ತಾರೆ.) ಯಾವ ಪ್ರಯೋಗಾಲಯವೂ ಬೇಡ, ಒಂದು ಟೇಪು ಸಾಕು. ನಮ್ಮ ನಿಯಮದಲ್ಲೂ ‘ತಕ್ಕ’ ಎಂಬ ಪದದ ಜಾಗದಲ್ಲಿ ಇಷ್ಟು ವೇಗದಿಂದ, ಇಷ್ಟು ತೂಕದೊಂದಿಗೆ, ಒಣ ರಸ್ತೆಯಲ್ಲಿ ಇಷ್ಟು ಅಡಿ, ತೊಯ್ದ ರಸ್ತೆಯಲ್ಲಿ ಇಷ್ಟು ಅಡಿ ಎಂದು ಬರೆಯಬೇಕು. ಆ ಅಂಕಿಯನ್ನು ಮೈಲೇಜಿನ ಅಂಕಿಯ ಪಕ್ಕದಲ್ಲೇ ಸೈಕಲ್ಲಿನ ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಕು. ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ ಹೋಗುತ್ತದೆಂದು ದೊಡ್ಡಕ್ಷರದಲ್ಲಿ ಹೇಳುವವರು ಎಷ್ಟು ದೂರದಲ್ಲಿ ನಿಲ್ಲುತ್ತದೆಂಬುದನ್ನೂ ಹೇಳಲಿ. ಇದು ನನ್ನ ಖಚಿತವಾದ ಅಭಿಪ್ರಾಯ.

ನಿಯಮ ಬದಲಾಗುವವರೆಗೆ ಕಾಯುತ್ತ ಕೂರಲಾಗದು. ಬ್ರೇಕನ್ನು ನಾವೇ ಬದಲಿಸಿಕೊಳ್ಳಬೇಕು. ನಾನು ತಂತಿಯ ಬ್ರೇಕು ತೆಗೆಸಿ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಹಾಕಿಸಿದೆ. ಇಲ್ಲಿಯೇ ಗ್ಯಾರೇಜು ಇಟ್ಟಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯ ಕೈಯಲ್ಲಿ ಕೆಲಸ ಮಾಡಿಸಿದೆ. ಅವನಿಗೆ ಮೋಟಾರ್ ಸೈಕಲ್ಲುಗಳ ಅನುಭವ ಇದ್ದದ್ದು ಅನುಕೂಲವೂ ಆಯಿತು, ಒಂದು ಗಳಿಗೆ ಅಪಾಯವೂ ಆಗುತ್ತಿತ್ತು. ಮೋಟಾರ್ ಸೈಕಲ್ಲಿಗೆ ಹಾಕುವ ಡಾಟ್ ಎಣ್ಣೆಯ ಬಾಟಲಿಯ ಮುಚ್ಚಳವನ್ನು ಅವನು ತೆರೆದೇಬಿಟ್ಟಿದ್ದ. ನಾನು ಪೆಟ್ಟಿಗೆಯೊಳಗಿನ ಚೀಟಿ ಓದುತ್ತಿದ್ದೆ: ಈ ಬ್ರೇಕಿಗೆ ಖನಿಜ ತೈಲವನ್ನೇ ಹಾಕಬೇಕು. ಅದು ಬಿಟ್ಟು ಇದನ್ನು ಹಾಕಿದರೆ ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಹಾಳಾಗುತ್ತವೆ. ಯಾವ ಬ್ರೇಕಿಗೆ ಯಾವ ಎಣ್ಣೆ ಎಂಬುದು ಹಿಡಿಕೆಯ ಮುಚ್ಚಳದ ಮೇಲೇ ಬರೆದಿರುತ್ತದೆ. ದಯವಿಟ್ಟು ಓದಿ.

ಎಣ್ಣೆ ತುಂಬಿ ಗಾಳಿಯ ಗುಳ್ಳೆಗಳನ್ನು ಹೊರಹಾಕಲು ಕೆಳಗೊಂದು ಪಿಚಕಾರಿ ಜೋಡಿಸಿ ಒತ್ತಬೇಕು. ಅದನ್ನು ಒತ್ತುತ್ತ ಅವನು ತಟ್ಟನೆ ನಿಲ್ಲಿಸಿ, ‘ಸರ್, ಇದು ನೀವು ಕ್ಲಾಸಿನ್ಯಾಗ ತೋರ್ಸಿದ್ದ ಎರಡು ಪಿಚಕಾರಿ ಆಟ ಅಲ್ಲೇನ್ರಿ!’ ಎಂದ. ನಿಮಗೂ ನೆನಪಿರಬೇಕು. ಸಣ್ಣದೊಂದು, ದೊಡ್ಡದೊಂದು ಸಿರಿಂಜನ್ನು ಕೊಳವೆಯಿಂದ ಜೋಡಿಸಿ, ಕುಂಕುಮದ ನೀರು ತುಂಬಿ, ಸಣ್ಣದನ್ನು ಕಿರುಬೆರಳಿನಿಂದ ಒತ್ತಿದರೆ ದೊಡ್ಡದು ಡಸ್ಟರನ್ನು ಎತ್ತುತ್ತಿತ್ತು. ಪ್ಯಾಸ್ಕಲ್ ನಿಯಮ. ಮುಚ್ಚಿದ ದ್ರವಕ್ಕೆ ಎಲ್ಲಿ ಒತ್ತಡ ಕೊಟ್ಟರೂ ಅದು ಎಲ್ಲೆಡೆಗೂ ಸಮನಾಗಿ ಹಬ್ಬುತ್ತದೆ. ಕೊಳವೆ ಎಷ್ಟು ತಿರುವು ತೆಗೆದುಕೊಂಡರೂ ಒತ್ತಡ ಕುಗ್ಗುವುದಿಲ್ಲ. ಮಡಚುವ ಸೈಕಲ್ಲಿಗೆ ಇದಕ್ಕಿಂತ ದೊಡ್ಡ ವರ ಬೇರೆ ಬೇಕೆ? ಪ್ಯಾಡುಗಳೂ ಎರಡು ಕಡೆಯಿಂದ ಸರಿದು ತಟ್ಟೆಯನ್ನು ನಡುವೆ ಹಿಡಿಯುತ್ತವೆ; ಅವು ಸವೆದಷ್ಟೂ ಎಣ್ಣೆ ತಾನೇ ತುಂಬಿಕೊಳ್ಳುವುದರಿಂದ ಹಿಡಿಕೆ ಕೆಳಗಿಳಿಯುವುದಿಲ್ಲ.

ಎರಡು ಕಡೆ ನಾವು ತಪ್ಪಿದೆವು. ಮೊದಲನೆಯದು ಕೊಳವೆಯ ಉದ್ದ. ಸೈಕಲ್ಲನ್ನು ಬಿಡಿಸಿ ನಿಲ್ಲಿಸಿ ಅಳತೆ ಹಿಡಿದು ಕತ್ತರಿಸಿದೆವು. ಮಡಚಲು ಹೋದರೆ ಒಂದು ಗೇಣು ಕಡಿಮೆ! ಮಡಚುವ ಸೈಕಲ್ಲಿಗೆ ಮಡಚಿದಾಗಿನ ದಾರಿಯನ್ನೂ ಅಳೆಯಬೇಕು. ಮತ್ತೆ ಹೊಸ ಕೊಳವೆ, ಮತ್ತೆ ಪಿಚಕಾರಿ. ಎರಡನೆಯದು ಮುಖ್ಯವಾದದ್ದು. ಹಳೆಯ ಹಿಡಿಕೆಗಳೊಳಗೆ ಒಂದು ಚಿಕ್ಕ ಸ್ವಿಚ್ಚು ಇತ್ತು. ಬ್ರೇಕು ಹಿಡಿದ ಕ್ಷಣವೇ ಅದು ಮೋಟಾರನ್ನು ಆರಿಸುತ್ತಿತ್ತು. ಹೊಸ ಹಿಡಿಕೆಗಳಲ್ಲಿ ಅದು ಇರಲಿಲ್ಲ. ಹಾಗೆಯೇ ಓಡಿಸಿದ್ದರೆ ಗಾಬರಿಯಲ್ಲಿ ಹೆಬ್ಬೆರಳು ಆಕ್ಸಿಲರೇಟರಿನ ಮೇಲೆ ಉಳಿದು, ಮೋಟಾರು ಮುಂದಕ್ಕೂ ಬ್ರೇಕು ಹಿಂದಕ್ಕೂ ಎಳೆಯುತ್ತಿದ್ದವು. ಹಿಡಿಕೆಗೆ ಚಿಕ್ಕ ಅಯಸ್ಕಾಂತ ಅಂಟಿಸಿ, ಎದುರಿಗೆ ಸಂವೇದಕ ಕೂರಿಸುವ ಸಾಧನ ಸಿಗುತ್ತದೆ, ತರಿಸಿ ಹಾಕಿಸಿದೆವು. ಬ್ರೇಕು ಬದಲಿಸುವವರು ಇದನ್ನು ಮರೆಯುವುದೇ ಹೆಚ್ಚೆಂದು ಕೇಳಿದ ಮೇಲೆ ನನ್ನ ಎದೆ ಧಸಕ್ಕೆಂದಿತು.

ತಟ್ಟೆ ದೊಡ್ಡದಾದಷ್ಟೂ ಒಳ್ಳೆಯದೆಂದು ನನ್ನ ಶಿಷ್ಯನ ವಾದ. 160 ಮಿಲಿಮೀಟರಿನ ಬದಲು 203ರದ್ದನ್ನು ಹಾಕೋಣವೆಂದ. ನಾನು ಬೇಡವೆಂದೆ. ತಟ್ಟೆ ತಿರುಚುವ ಬಲ ನೆಲಕ್ಕೆ ತಲುಪುವಾಗ ಗಾಲಿಯ ತ್ರಿಜ್ಯದಿಂದ ಭಾಗಿಸಲ್ಪಡುತ್ತದೆ. ಗಾಲಿ ಚಿಕ್ಕದಾದಷ್ಟೂ ಅದೇ ತಟ್ಟೆ ಹೆಚ್ಚು ಬಲವಾಗಿ ನಿಲ್ಲಿಸುತ್ತದೆ. ಇಪ್ಪತ್ತು ಇಂಚಿನ ಗಾಲಿಗೆ 160 ಧಾರಾಳವಾಯಿತು. ಅಷ್ಟಲ್ಲದೆ ಮಡಚುವ ಸೈಕಲ್ಲಿನಲ್ಲಿ ಎರಡು ಗಾಲಿಗಳ ನಡುವಿನ ಅಂತರ ಕಡಿಮೆ, ಸವಾರ ಕೂರುವುದು ಎತ್ತರದಲ್ಲಿ. ಮುಂದಿನ ಬ್ರೇಕು ಗಕ್ಕನೆ ಕಚ್ಚಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರಿಹೋಗುತ್ತಾನೆ. ಈ ಭಯದಿಂದಲೇ ನಮ್ಮವರು ಮುಂದಿನ ಬ್ರೇಕನ್ನು ಮುಟ್ಟುವುದೇ ಇಲ್ಲ. ಅದೂ ತಪ್ಪು. ನಿಲ್ಲುವಾಗ ಭಾರವೆಲ್ಲ ಮುಂದಿನ ಗಾಲಿಗೆ ಬರುವುದರಿಂದ ನಿಜವಾಗಿ ನಿಲ್ಲಿಸುವುದು ಅದೇ. ಹಿಂದಿನದು ಒಂಟಿಯಾಗಿ ಉಜ್ಜಿಕೊಂಡು ಜಾರುತ್ತದಷ್ಟೆ. ಎರಡನ್ನೂ ಕೂಡಿಯೇ, ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ ಹಿಡಿಯಬೇಕು. ಮೈಯನ್ನು ಹಿಂದಕ್ಕೆ ಸರಿಸಬೇಕು. ಹಳೆಯ ಊರಿನಲ್ಲಿ ಸೈಕಲ್ಲಿನ ಹಿಂದೆ ಮೊಸರಿನ ಗಡಿಗೆ ಕಟ್ಟಿಕೊಂಡು ಹೋಗುತ್ತಿದ್ದ ಹಿರಿಯರೊಬ್ಬರನ್ನು ನಾನು ಬಲ್ಲೆ. ಗಡಿಗೆಗೆ ಗಡಿಗೆ ತಾಕದಂತೆ ನಿಲ್ಲಿಸುತ್ತಿದ್ದರು ಅವರು. ಬ್ರೇಕು ಎಷ್ಟು ಗಟ್ಟಿ ಎಂಬುದರಷ್ಟೇ, ಬೆರಳ ಮಾತನ್ನು ಎಷ್ಟು ಕೇಳುತ್ತದೆ ಎಂಬುದೂ ಮುಖ್ಯ. ಹೈಡ್ರಾಲಿಕ್ಕಿನಲ್ಲಿ ನನಗೆ ಹಿಡಿಸಿದ್ದು ಆ ಗುಣವೇ.

ಕೂಲಿ, ಎಣ್ಣೆ, ಎರಡನೆಯ ಸಲದ ಕೊಳವೆ ಎಲ್ಲ ಸೇರಿ 6,800 ರೂಪಾಯಿ ಖರ್ಚಾಯಿತು. ಸೈಕಲ್ಲಿನ ಬೆಲೆಯ ಐದರಲ್ಲಿ ಒಂದು ಪಾಲು. ‘ಇಷ್ಟು ರೊಕ್ಕ ಹಾಕೂದ್ರ ಬದ್ಲಿ ನಿಧಾನ ಹೋಗ್ರಿ ಮಾಮಾ’ ಎಂದು ಅಳಿಯ ಫೋನಿನಲ್ಲಿ ಹೇಳಿದ. ನಿಧಾನವಾಗಿ ಹೋಗುವುದು ಸರಿಯೇ, ನಾನೀಗ ಹೋಗುತ್ತಿರುವುದೂ ಹಾಗೆಯೇ. ಆದರೆ ಅವತ್ತು ತುಕ್ಕು ಹಿಡಿದ ತಂತಿ ಅರ್ಧ ವೇಗದಲ್ಲೂ ನನ್ನನ್ನು ಆ ಹುಡುಗನಿಂದ ದೂರ ನಿಲ್ಲಿಸುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ಮೇಲಾಗಿ ‘ನಿಧಾನ ಹೋಗಿ’ ಎಂಬ ಮಾತು ಸವಾರನಿಗೆ ಮಾತ್ರ ಹೇಳುವ ಮಾತು. ಅಂಗಡಿಯವರಿಗೆ, ತಯಾರಿಸಿದವರಿಗೆ, ನಿಯಮ ಬರೆದವರಿಗೆ ಅದರಲ್ಲಿ ಪಾಲೇ ಇಲ್ಲ.

ಅಷ್ಟು ಹಣ ಹೊಂದಿಸಲಾಗದವರು ಇದ್ದಾರೆ, ಬಲ್ಲೆ. ಅವರು ತಂತಿಯನ್ನೂ ಅದರ ಕೊಳವೆಯನ್ನೂ ಪೂರ್ತಿ ಹೊಸದಾಗಿ, ಮಡಚುವಲ್ಲಿ ದೊಡ್ಡ ಬಾಗಿಗೆ ಅವಕಾಶ ಬಿಟ್ಟು ಹಾಕಿಸಿಕೊಳ್ಳಲಿ, ಪ್ಯಾಡು ಬದಲಿಸಲಿ. ಕೆಲವು ನೂರು ರೂಪಾಯಿಗಳಲ್ಲಿ ಅರ್ಧ ಕೆಲಸವಾಗುತ್ತದೆ. ರಿಮ್ ಬ್ರೇಕಿನ ಸೈಕಲ್ಲಿಗೆ ಡಿಸ್ಕ್ ಕೂರಿಸಲು ಚೌಕಟ್ಟಿನಲ್ಲಿ ಜಾಗವಿರದಿದ್ದರೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಒಳ್ಳೆಯ ರಬ್ಬರ್ ಗುಂಡಿಗಳೇ ಸಾಕು. ಇನ್ನು, ತಟ್ಟೆ ಚೀರುತ್ತದೆಂದು ಅದಕ್ಕೆ ಎಣ್ಣೆ ಬಿಡಬೇಡಿ! ನಗಬೇಡಿ, ನಾನು ಬಿದ್ದ ಸುದ್ದಿ ಕೇಳಿ ತಮ್ಮ ಸೈಕಲ್ಲು ತೋರಿಸಲು ಬಂದವರಲ್ಲಿ ಒಬ್ಬರು ಕೊಬ್ಬರಿ ಎಣ್ಣೆ ಹಚ್ಚಿದ್ದರು. ಪ್ಯಾಡು ಎಣ್ಣೆ ಹೀರಿತೆಂದರೆ ಅದನ್ನು ಎಸೆಯುವುದೇ ದಾರಿ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು, ಅಂತರಜಾಲದಲ್ಲಿ ಮೋಟಾರಿನ ಕಿಟ್ಟು ತರಿಸಿ ಅಜ್ಜನ ಕಾಲದ ಸಲಾಕೆ ಬ್ರೇಕಿನ ಸೈಕಲ್ಲಿಗೆ ಜೋಡಿಸಿದ ಹುಡುಗ. ಅವನ ಜಾಣ್ಮೆಗೆ ಶಹಭಾಸ್ ಎಂದೆ, ಬ್ಯಾಟರಿಯ ಚಾವಿಯನ್ನು ಕಿಸೆಗೆ ಹಾಕಿಕೊಂಡೆ. ಬ್ರೇಕು ಬದಲಿಸಿಕೊಂಡು ಬಂದ ಮೇಲೆ ಕೊಟ್ಟೆ. ನಿವೃತ್ತಿಯಾಗಿ ಇಷ್ಟು ವರ್ಷಗಳಾದರೂ ಆ ಅಧಿಕಾರವನ್ನು ಊರು ನನ್ನಿಂದ ಕಿತ್ತುಕೊಂಡಿಲ್ಲ.

ಹೊಸ ಬ್ರೇಕನ್ನು ಪಳಗಿಸಬೇಕು. ಮೆಲ್ಲಗೆ ಹೋಗಿ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ ಹಿಡಿದು ಬಿಟ್ಟ ಮೇಲಷ್ಟೇ ಪ್ಯಾಡು ತಟ್ಟೆಗೆ ಹೊಂದಿಕೊಳ್ಳುತ್ತದೆ. ಅದಾದ ಮೇಲೆ ಒಂದು ಭಾನುವಾರ ಮೈದಾನದ ಪಕ್ಕದ ಡಾಂಬರು ರಸ್ತೆಯಲ್ಲಿ, ಕ್ರೀಡಾಕೂಟಕ್ಕೆ ಗೆರೆ ಹಾಕುವಂತೆ ಸುಣ್ಣದ ಪುಡಿಯಿಂದ ಗೆರೆ ಎಳೆದು ಪರೀಕ್ಷೆ ಇಟ್ಟೆವು. ಸೈಕಲ್ಲಿನ ಮೀಟರನ್ನು ನಾನು ನಂಬುವುದಿಲ್ಲ. 20 ಮೀಟರನ್ನು 3 ಸೆಕೆಂಡಿನಲ್ಲಿ ದಾಟಿದರೆ ವೇಗ ಸರಿಯಾಗಿ ಗಂಟೆಗೆ 24 ಕಿ.ಮೀ.; ಎರಡು ಗೆರೆ, ಒಂದು ಗಡಿಯಾರ ಸಾಕು. ಸವಾರಿ ಮಾಡಿದ್ದು ಗ್ಯಾರೇಜಿನ ಶಿಷ್ಯ, ನನ್ನದು ಟೇಪು. ಹಳೆಯ ಬ್ರೇಕನ್ನು ತೆಗೆಸುವ ಮೊದಲೇ ಹೀಗೆ ಅಳೆದಿದ್ದೆವು: 34 ಅಡಿ. ಹೊಸದಕ್ಕೆ ಮೂರು ಸಲದ ಸರಾಸರಿ 16 ಅಡಿ. ಅಮೆರಿಕದವರ ಗೆರೆಗೆ ಒಂದಡಿ ಹೊರಗೆ! ಅವನ ತೂಕ 80 ದಾಟಿರುವುದರಿಂದ ಕೃಪಾಂಕ ಕೊಟ್ಟು ಪಾಸು ಮಾಡಿದ್ದೇನೆ. ನೀರು ಚಿಮುಕಿಸಿ ಅಳೆದಾಗ 21 ಅಡಿ ಬಂತು.

ಅಂದು ನೋಡಲು ಬಂದವರಲ್ಲಿ ಆ ಮೊಮ್ಮಗನೂ ಇದ್ದ. ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ತನಗೇ ಬೇಕೆಂದು ಹಟ ಮಾಡಿ ಹಿಡಿದ. ಅಜ್ಜಿ ದೂರದಲ್ಲಿ ನಿಂತು ನೋಡಿ, ‘ಈಗ ನಿಂದರ್ತೈತಿ ಬಿಡ್ರಿ’ ಎಂದು ತನ್ನ ದಾರಿ ಹಿಡಿದಳು.

ಕೊಲ್ಹಾರದಲ್ಲೇ ಇರುವವರು ತಮ್ಮ ಸೈಕಲ್ಲನ್ನು ಅಳೆಸಬೇಕೆಂದರೆ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಬನ್ನಿ. ಟೇಪು, ಸುಣ್ಣ ಎರಡೂ ನನ್ನ ಹತ್ತಿರ ಇವೆ. ಈ ವಾರ ಮಾತ್ರ ನಾನು ನಡೆದೇ ಬರುತ್ತೇನೆ. ಹಿಂದಿನ ಪ್ಯಾಡು ಸವೆದು ಒಂದು ಮಿಲಿಮೀಟರಿಗೆ ಬಂದಿದೆ, ವಿಜಯಪುರದಿಂದ ಹೊಸದು ಬರಲು ಎಂಟು ದಿನ ಬೇಕೆಂದಿದ್ದಾರೆ.